ಚಾಪ್ಲಿನ್ ಅಷ್ಟು ಬಿರಬಿರನೆ ನಡೆಯುತ್ತಿದ್ದನೇ?

ಮೂಕಿ ಕಾಲದ ಹಾಸ್ಯಚಿತ್ರ ಎಂದ ಕೂಡಲೇ ಕಣ್ಣ ಮುಂದೆ ಬರುವುದೇನು? ಮಳೆ ಸುರಿದಂತೆ ಗೀರುಗಳು, ಅದರ ನಡುವೆ ಕೀಲಿ ಕೊಟ್ಟ ಗೊಂಬೆಗಳ ಹಾಗೆ ಓಡಾಡುವ ಜನ. ಮಕ್ಕಳು ನೋಡಿ "ಆಗಿನವರು ಹೀಗೇ ನಡೀತಿದ್ರಾ?" ಎಂದು ಕೇಳುತ್ತಾರೆ. ಯೂಟ್ಯೂಬ್‌ನಲ್ಲಿ ಒಂದೇ ಚಿತ್ರದ ನಾಲ್ಕಾರು ಪ್ರತಿಗಳು ಸಿಗುತ್ತವೆ. ಒಂದರಲ್ಲಿ ಓಟ, ಇನ್ನೊಂದರಲ್ಲಿ ತೆವಳಾಟ. ಸೆಕೆಂಡಿಗೆ 16 ಫ್ರೇಮ್ (ಫಿಲ್ಮ್ ಮೇಲಿನ ಒಂದೊಂದು ಬಿಡಿ ಚಿತ್ರ) ಸರಿ ಎಂದು ಒಬ್ಬರು, 24 ಸರಿ ಎಂದು ಇನ್ನೊಬ್ಬರು. ಈ ಗೊಂದಲಕ್ಕೆ ನೂರು ವರ್ಷ ದಾಟಿದೆ.

ಶುರುವಾಗುವುದು ಕ್ಯಾಮೆರಾದ ಹ್ಯಾಂಡಲ್‌ನಿಂದ. ಆಗ ಕ್ಯಾಮೆರಾ ಓಡುತ್ತಿದ್ದದ್ದು ಕೈಯ ಬಲದಲ್ಲಿ. ಹ್ಯಾಂಡಲನ್ನು ಒಂದು ಸುತ್ತು ತಿರುಗಿಸಿದರೆ 8 ಫ್ರೇಮ್. ಸೆಕೆಂಡಿಗೆ ಎರಡು ಸುತ್ತು, ಅಂದರೆ 16 ಫ್ರೇಮ್. 35 ಎಂಎಂ ಫಿಲ್ಮ್‌ನ ಒಂದು ಅಡಿಯಲ್ಲಿ 16 ಫ್ರೇಮ್ ಇರುವುದರಿಂದ ನಿಮಿಷಕ್ಕೆ 60 ಅಡಿ ಲೆಕ್ಕ. ಆದರೆ ಕೈ ಯಂತ್ರವಲ್ಲ, ಅಲ್ವಾ? ದೃಶ್ಯಕ್ಕೆ ತಕ್ಕಂತೆ, ಆಳಿಗೆ ತಕ್ಕಂತೆ ಅದು ಏರಿಳಿಯುತ್ತಿತ್ತು.

ಹಾಸ್ಯಚಿತ್ರದವರು ಈ ಏರಿಳಿತವನ್ನೇ ಹಿಡಿದುಕೊಂಡರು. 1912ರಲ್ಲಿ ಮ್ಯಾಕ್ ಸೆನೆಟ್ ಕೀಸ್ಟೋನ್ ಕಂಪನಿ ಶುರು ಮಾಡಿದ. ಅಲ್ಲಿನ ಪೊಲೀಸರ ಪಡೆ, ಕಾರುಗಳ ಬೆನ್ನಟ್ಟುವಿಕೆ ಮನೆಮಾತಾದವು. ಹ್ಯಾಂಡಲನ್ನು ಬೇಕಂತಲೇ ನಿಧಾನಕ್ಕೆ ತಿರುಗಿಸಿ ಸೆಕೆಂಡಿಗೆ 12 ಫ್ರೇಮ್ ತೆಗೆದು ಮಾಮೂಲಿ ವೇಗದಲ್ಲಿ ತೋರಿಸಿದರೆ, ತೆರೆಯ ಮೇಲೆ ಎಲ್ಲ ವೇಗವಾಗಿ ಕಾಣುತ್ತದೆ. ಕಾರು ನಿಧಾನವಾಗಿ ಹೋದರೂ ಹಾರಿದಂತೆ ಕಾಣುತ್ತದೆ. ನಟನ ಕೈಕಾಲು ಉಳಿಯುತ್ತದೆ, ನೋಡುವವರ ಎದೆ ಝಲ್ಲೆನ್ನುತ್ತದೆ.

ನಾವು ಬಹಳ ಕಡಿಮೆ ಮಾತಾಡುವ ವಿಷಯ ಇಲ್ಲಿದೆ. ಈ ವೇಗಕ್ಕೆ ನಟರು ತಮ್ಮ ಮೈಯನ್ನು ಹೊಂದಿಸಿಕೊಳ್ಳಬೇಕಿತ್ತು. 1914ರಲ್ಲಿ ಕೀಸ್ಟೋನ್ ಚಿತ್ರಗಳಲ್ಲಿ ಕಾಣಿಸಿಕೊಂಡ ಚಾಪ್ಲಿನ್ ಇದನ್ನು ಬೇಗ ಕಲಿತ. ತೆರೆಯ ಮೇಲೆ ಸರಕ್ಕನೆ ಬೀಳುವ ಒದೆ, ಚಿತ್ರೀಕರಣದಲ್ಲಿ ಮೆಲ್ಲಗೆ ತಾಗಿಸಿದ ಕಾಲು. ಅದನ್ನು ತಿಂದವನೂ ಅದೇ ಲಯದಲ್ಲಿ ಬೀಳಬೇಕು. ಮೂಕಿ ಚಿತ್ರಗಳಿಗೆ ಪಿಯಾನೊ ಮತ್ತು ಆರ್ಗನ್ ನುಡಿಸುವ ಅಮೆರಿಕದ ಬೆನ್ ಮಾಡೆಲ್ ಇಂಥ ತುಣುಕುಗಳನ್ನು ಚಿತ್ರೀಕರಣದ ವೇಗಕ್ಕೆ ಇಳಿಸಿ ತೋರಿಸಿದ್ದಾರೆ. ನೋಡಿದರೆ ಬೆರಗಾಗುತ್ತದೆ. ನಗು ಮಾಯ. ನೀರೊಳಗೆ ನೃತ್ಯ ಮಾಡಿದಂತೆ ಎಚ್ಚರದಿಂದ ಅಲುಗಾಡುವ ಜನ ಕಾಣುತ್ತಾರೆ. ಅಂದರೆ ವೇಗ ಈ ಚಿತ್ರಗಳ ದೋಷವಲ್ಲ. ಅಳೆದು ಹಾಕಿದ ಉಪ್ಪು ಅದು.

ಥಿಯೇಟರಿನಲ್ಲೂ ಚಿತ್ರ ಓಡುತ್ತಿದ್ದದ್ದು ತೆಗೆದದ್ದಕ್ಕಿಂತ ಜೋರಾಗಿಯೇ. 1920ರ ದಶಕದಲ್ಲಿ ಅಮೆರಿಕದ ಚಲನಚಿತ್ರ ಎಂಜಿನಿಯರುಗಳ ಸಂಘ ಚಿತ್ರೀಕರಣಕ್ಕೆ ನಿಮಿಷಕ್ಕೆ 60 ಅಡಿ, ಪ್ರದರ್ಶನಕ್ಕೆ 80 ಅಡಿ ಎಂದು ಸಲಹೆ ಕೊಟ್ಟಿತ್ತು. ಎರಡೂ ಒಂದೇ ಇರಬೇಕೆಂದು ಅವರೂ ಅಂದುಕೊಂಡಿರಲಿಲ್ಲ! 1000 ಅಡಿಯ ರೀಲು 60 ಅಡಿಯ ಲೆಕ್ಕದಲ್ಲಿ ಹದಿನಾರೂವರೆ ನಿಮಿಷಕ್ಕೂ ಜಾಸ್ತಿ ಓಡುತ್ತದೆ, 80ರಲ್ಲಿ ಹನ್ನೆರಡೂವರೆ ನಿಮಿಷ. ಜನ ಕಿಕ್ಕಿರಿದ ದಿನ ಒಂದು ಷೋ ಹೆಚ್ಚು ಹಾಕಲು ಇನ್ನೂ ಜೋರಾಗಿ ಓಡಿಸಿದವರಿದ್ದರು.

ಆಮೇಲೆ ಚಿತ್ರಕ್ಕೆ ಮಾತು ಬಂತು. ಧ್ವನಿಗೆ ಏರಿಳಿತ ಆಗಿಬರುವುದಿಲ್ಲ, ವೇಗ ಬದಲಾದರೆ ದನಿಯೇ ಬದಲಾಗುತ್ತದೆ. ಹಾಗಾಗಿ 1920ರ ದಶಕದ ಕೊನೆಗೆ ನಿಮಿಷಕ್ಕೆ 90 ಅಡಿ, ಸೆಕೆಂಡಿಗೆ 24 ಫ್ರೇಮ್ ಎಂದು ಗಟ್ಟಿಯಾಯಿತು. ಹೊಸ ಪ್ರೊಜೆಕ್ಟರುಗಳು ಆ ಒಂದೇ ವೇಗಕ್ಕೆ ತಯಾರಾದವು.

ಮುಂದಿನ ಮೂರು ದಶಕಗಳಲ್ಲಿ ಮೂಕಿ ಚಿತ್ರಗಳು ಮೂಲೆ ಸೇರಿದವು, ಸುಟ್ಟವು, ಕೊಳೆತವು, 1949ರಲ್ಲಿ ಲೈಫ್ ಪತ್ರಿಕೆಯಲ್ಲಿ ವಿಮರ್ಶಕ ಜೇಮ್ಸ್ ಏಜಿ ಬರೆದ ಲೇಖನದಿಂದ ಮತ್ತೆ ನೆನಪಾದವು, ಟಿವಿಗೆ ಬಂದವು. ಟಿವಿಯಲ್ಲಿ ಎಲ್ಲಕ್ಕೂ ಒಂದೇ ವೇಗ. 1914ರ ಚಿತ್ರ ಹುಚ್ಚು ಹಿಡಿದಂತೆ ಓಡಿತು. ನಮ್ಮಲ್ಲೂ ಬಹಳ ಜನ ಈ ಕಲಾವಿದರನ್ನು ಮೊದಲು ಕಂಡದ್ದು ಟಿವಿಯಲ್ಲೇ, ಹಾಗಾಗಿ "ಮೂಕಿ ಎಂದರೆ ಹೀಗೇ" ಎಂಬುದು ಮನಸ್ಸಲ್ಲಿ ಕೂತುಬಿಟ್ಟಿತು. ಫಿಲ್ಮ್ ಅಂಚಿನಲ್ಲಿ ಧ್ವನಿ ಅಚ್ಚಾಗುವ ಪಟ್ಟಿಗೆ ಜಾಗ ಮಾಡಲು ಕೆಲವು ಪ್ರತಿಗಳಲ್ಲಿ ಚಿತ್ರದ ಎಡ ಅಂಚನ್ನೂ ಕತ್ತರಿಸಿದ್ದರು.

ಸರಿಪಡಿಸಲು ಹೋದದ್ದೂ ಇನ್ನೊಂದು ತೊಡಕಾಯಿತು. ಎರಡು ಫ್ರೇಮ್‌ಗಳಲ್ಲಿ ಒಂದನ್ನು ಎರಡು ಸಲ ಅಚ್ಚು ಹಾಕಿ 16ನ್ನು 24 ಮಾಡಿದರು. ವೇಗ ಇಳಿಯಿತು, ನಡಿಗೆ ಕುಂಟಿತು. ಚಾಪ್ಲಿನ್ ತಾನೇ 1959ರಲ್ಲಿ ತನ್ನ ಮೂರು ಹಳೇ ಚಿತ್ರಗಳನ್ನು ಸೇರಿಸಿ ಬಿಡುಗಡೆ ಮಾಡಿದಾಗಲೂ ಈ ದಾರಿಯನ್ನೇ ಹಿಡಿದ. ಇನ್ನು ಕೆಲವರು ಪ್ರೀತಿಯಿಂದಲೇ ಎಲ್ಲವನ್ನೂ ಕಟ್ಟುನಿಟ್ಟಾಗಿ 16ಕ್ಕೆ ಇಳಿಸಿದರು. ಆಗ ನಗೆ ಸೊರಗಿತು. 1980ರಲ್ಲಿ ಕೆವಿನ್ ಬ್ರೌನ್ಲೊ ಎಂಬ ಇತಿಹಾಸಕಾರರು ಈ ಪ್ರಶ್ನೆಯನ್ನೇ ಎತ್ತಿಕೊಂಡು ಬರೆದರು. ಎಲ್ಲ ಮೂಕಿಗೂ ಒಂದೇ ವೇಗ ಎಂಬುದಿಲ್ಲ, ಚಿತ್ರದಿಂದ ಚಿತ್ರಕ್ಕೆ ನೋಡಬೇಕು ಎಂಬುದು ಅಲ್ಲಿಂದ ಬಲವಾಯಿತು. ಇಂದು ಇಟಲಿಯ ಬೊಲೊನ್ಯಾದ ಸಿನಿಮಾ ಸಂಗ್ರಹಾಲಯ ಚಾಪ್ಲಿನ್ ಮತ್ತು ಅದೇ ಕಾಲದ ಹಾಸ್ಯನಟ ಬಸ್ಟರ್ ಕೀಟನ್ ಚಿತ್ರಗಳನ್ನು ಹಲವು ಪ್ರತಿಗಳನ್ನು ಕೂಡಿಸಿ ದುರಸ್ತಿ ಮಾಡುತ್ತಿದೆ. ಅಂಥ ಪ್ರತಿ ಸಿಕ್ಕರೆ ಬಿಡಬೇಡಿ.

ಮಾತಿಲ್ಲದಿದ್ದರೆ ಗಡಿಬಿಡಿ ಇರಲೇಬೇಕು ಎಂಬುದೂ ಸುಳ್ಳು. ನಮ್ಮ ಬೆಂಗಳೂರಿನಲ್ಲೇ ಚಿತ್ರೀಕರಣವಾದ 1987ರ 'ಪುಷ್ಪಕ ವಿಮಾನ'ದಲ್ಲಿ ಸಂಭಾಷಣೆ ಇಲ್ಲ. ಅಲ್ಲಿ ಯಾರೂ ಗೊಂಬೆಯಂತೆ ಓಡುವುದಿಲ್ಲ, ನಗು ಮಾತ್ರ ಉಕ್ಕಿ ಬರುತ್ತದೆ.

ನಿಮ್ಮ ಮುಂದಿರುವ ಪ್ರತಿ ಸರಿಯೋ ಎಂದು ತಿಳಿಯಲು ನಟರನ್ನು ಬಿಟ್ಟು ಹೊಗೆ, ನೀರು, ಬೀಳುವ ವಸ್ತುಗಳನ್ನು ನೋಡಿ. ಬಸ್ಟರ್ ಕೀಟನ್‌ನ 'ದಿ ಜನರಲ್' ಚಿತ್ರದಲ್ಲಿ ಉರಿಯುವ ಸೇತುವೆ ಮುರಿದು ಉಗಿಬಂಡಿ ನದಿಗೆ ಬೀಳುತ್ತದೆ. ಅದು ಆಟಿಕೆಯಲ್ಲ. 1926ರಲ್ಲಿ ಆರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಬಳಿ ನಿಜವಾದ ಬಂಡಿಯನ್ನೇ ಬೀಳಿಸಿದರು. ವೇಗ ಹೆಚ್ಚಾದ ಪ್ರತಿಯಲ್ಲಿ ಅದು ಬೆಂಕಿಪೊಟ್ಟಣ ಬಿದ್ದ ಹಾಗೆ ಕಾಣುತ್ತದೆ. ಸರಿಯಾದ ಪ್ರತಿಯಲ್ಲಿ ಮೊದಲು ಸೇತುವೆಯ ಮರ ಬಾಗುತ್ತದೆ, ಬಂಡಿ ವಾಲುತ್ತದೆ, ಆಮೇಲೆ ಅಷ್ಟೂ ಭಾರ ನೀರಿಗಿಳಿಯುತ್ತದೆ. ಮೇಲೆದ್ದ ಉಗಿ ಬಹಳ ಹೊತ್ತು ಅಲ್ಲೇ ನಿಂತಿರುತ್ತದೆ.