ಆನೆಕಾಲು: ಊದುವ ಮೊದಲೇ ಒಳಗೆ ಏನಾಗಿರುತ್ತದೆ?

ಕರಾವಳಿಯಲ್ಲೋ, ಕಲಬುರಗಿ-ಬೀದರ್ ಕಡೆಯಲ್ಲೋ ಬೆಳೆದವರಿಗೆ ಆನೆಕಾಲು ರೋಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಿಗೆ ಚಪ್ಪಲಿಯೇ ಹಿಡಿಸದ ಅಜ್ಜಿಯನ್ನೋ ಅಜ್ಜನನ್ನೋ ನೋಡಿರುತ್ತಾರೆ. ಇದು ದೊಡ್ಡವರ ಕಾಯಿಲೆ, ಮಕ್ಕಳಿಗೆ ಬರೋದಿಲ್ಲ ಅಂತ ಬಹಳ ಕಾಲದ ನಂಬಿಕೆ. ವೈದ್ಯರದ್ದೂ ಹೆಚ್ಚುಕಡಿಮೆ ಅದೇ ಮಾತಾಗಿತ್ತು. ಅದು ತಪ್ಪು ಅಂತ ಗೊತ್ತಾಗಿದ್ದು, ಕಾಲು ಕೊಯ್ಯದೆ ಒಳಗಿನ ನಾಳ ನೋಡುವುದನ್ನು ಕಲಿತ ಮೇಲೆ.

ರೋಗದ ಹುಳು ಮನೆ ಮಾಡುವುದು ದುಗ್ಧನಾಳಗಳಲ್ಲಿ. ರಕ್ತನಾಳಗಳಿಂದ ಸೋರಿ ಮಾಂಸದ ಸಂದಿಯಲ್ಲಿ ನಿಂತ ನೀರನ್ನು ಮತ್ತೆ ರಕ್ತಕ್ಕೆ ಸೇರಿಸುವುದು ಈ ನಾಳಗಳ ಕೆಲಸ. ನಾಳ ಕೆಟ್ಟರೆ ಆ ನೀರು ಅಲ್ಲೇ ನಿಂತು ಕಾಲು ಊದುತ್ತದೆ. ಗೋಡೆ ತೀರಾ ತೆಳು, ಒಳಗಿನ ರಸ ಬಣ್ಣವೇ ಇಲ್ಲದಷ್ಟು ತಿಳಿ. ಮೈ ಸೀಳಿ ನೋಡಿದರೂ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿಗೆ ಇವು ಕಂಡಿದ್ದು ನಾಯಿಯ ಹೊಟ್ಟೆಯಲ್ಲಿ, ಅದೂ ಚೆನ್ನಾಗಿ ತಿಂದಿದ್ದ ನಾಯಿ. ಕರುಳಿನ ಸುತ್ತ ಬಿಳಿ ಎಳೆಗಳಿದ್ದವು. ನರ ಇರಬೇಕು ಅಂದುಕೊಂಡು ಒಂದನ್ನು ಕತ್ತರಿಸಿದರೆ ಹಾಲಿನಂಥ ರಸ ಬಂತು. ತಿಂದ ಕೊಬ್ಬಿನ ಬಿಳುಪು ಅದು. ಹೊಟ್ಟೆಗೆ ಏನೂ ಬೀಳದ ನಾಯಿಯಲ್ಲಿ ಹುಡುಕಿದರೆ ಏನೂ ಕಾಣಲಿಲ್ಲ! ದುಗ್ಧ ಅಂದರೆ ಹಾಲೇ ಅಲ್ವಾ.

ಬದುಕಿರುವ ಮನುಷ್ಯನಲ್ಲಿ ನೋಡುವ ದಾರಿಯನ್ನು 1950ರ ದಶಕದಲ್ಲಿ ತೋರಿಸಿದವರು ಲಂಡನ್ನಿನ ಸರ್ಜನ್ ಜಾನ್ ಕಿನ್ಮಂತ್. ಕಾಲ್ಬೆರಳ ಸಂದಿಗೆ ನೀಲಿ ಬಣ್ಣ ಚುಚ್ಚುವುದು. ಪಾದದ ಮೇಲೆ ಕೊಯ್ದು, ದಾರದಂಥ ನೀಲಿ ನಾಳ ಹುಡುಕುವುದು. ಅದರೊಳಗೆ ಸೂಜಿ ತೂರಿಸಿ, ಎಕ್ಸ್-ರೇಗೆ ಕಾಣುವ ದ್ರವವನ್ನು ನಿಧಾನಕ್ಕೆ ಬಿಡುವುದು. ಮೊದಲೇ ಊದಿದ ಕಾಲು, ಅದರ ಮೇಲೆ ಇನ್ನೊಂದು ಗಾಯ. ಚೆನ್ನಾಗಿ ಓಡಾಡಿಕೊಂಡಿರುವ ಮಗುವಿಗೆ ಇದನ್ನು ಮಾಡಿಸಲು ಯಾವ ತಾಯಿ ಒಪ್ಪುತ್ತಾಳೆ? ಹಾಗಾಗಿ ನೋಡಲು ಸಿಕ್ಕಿದ್ದು ಹೆಚ್ಚಾಗಿ ಕೆಟ್ಟುಹೋದ ಕಾಲುಗಳೇ.

ದೊಡ್ಡ ತಿರುವು ಬಂದಿದ್ದು ಬ್ರೆಜಿಲ್‌ನ ರೆಸಿಫೆ ನಗರದಿಂದ, 1994ರಲ್ಲಿ. ಬಳಸಿದ್ದು ಬಸುರಿಯರಿಗೆ ಮಾಡುವ ಅದೇ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಚರ್ಮಕ್ಕೆ ಜೆಲ್ ಹಚ್ಚಿದರೆ ಸಾಕು. ಸೋಂಕಿದ್ದ ಗಂಡಸರ ವೃಷಣದ ಚೀಲದ ಮೇಲೆ ಅದನ್ನು ಆಡಿಸಿದಾಗ, ಹಿಗ್ಗಿದ ದುಗ್ಧನಾಳದೊಳಗೆ ಬದುಕಿರುವ ಹುಳುಗಳು ಒಂದೇ ಸಮನೆ ಹೊರಳಾಡುವುದು ಪರದೆಯ ಮೇಲೆ ಕಂಡಿತು. ಫೈಲೇರಿಯಾ ಅಂದರೆ ಈ ಹುಳು; ಹಾಗಾಗಿ ಅದಕ್ಕೆ 'ಫೈಲೇರಿಯಾ ಡಾನ್ಸ್' ಎಂದೇ ಹೆಸರು ಬಿತ್ತು. ಅಲ್ಲಿವರೆಗೆ ರಾತ್ರಿ ಹೊತ್ತು ಬೆರಳು ಚುಚ್ಚಿ ರಕ್ತ ತೆಗೆದು, ಅದರಲ್ಲಿ ಹುಳುವಿನ ಮರಿಗಳನ್ನು ಹುಡುಕಬೇಕಿತ್ತು. ಈಗ ತಾಯಿಹುಳುವಿನ ಗೂಡೇ ಕಣ್ಣೆದುರು. ಮಾತ್ರೆ ಕೊಟ್ಟ ಮೇಲೆ ಆ ಕುಣಿತ ನಿಂತಿತೋ ಇಲ್ಲವೋ ಅಂತಲೂ ನೋಡಬಹುದಾಯಿತು. ನನಗೆ ಮುಖ್ಯ ಅನಿಸುವುದು ಇದು: ಊತ, ನೋವು ಏನೂ ಇಲ್ಲದವರಲ್ಲೂ ನಾಳ ಹಿಗ್ಗಿತ್ತು.

ಹಾಗಾದರೆ ಮಕ್ಕಳ ಕಾಲಿನಲ್ಲಿ? ಉತ್ತರ ಸಿಕ್ಕಿದ್ದು ನಮ್ಮ ಪಕ್ಕದಲ್ಲೇ, ಕೇರಳದ ಆಲಪ್ಪುಳ ಕಡೆ. ಅಲ್ಲಿನ ಹುಳು ನಮ್ಮ ಕಡೆಯದಕ್ಕಿಂತ ಬೇರೆ ಜಾತಿ, ಆದರೆ ಕೆಡಿಸುವುದು ಅದೇ ನಾಳಗಳನ್ನು. ಅಲ್ಲಿನ ವೈದ್ಯರು ಸೋಂಕಿದ್ದ ಮಕ್ಕಳ ಪಾದಕ್ಕೆ ಸಣ್ಣ ಸೂಜಿಯಲ್ಲಿ ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತುವನ್ನು ಒಂಚೂರು ಹಾಕಿದರು. ಅದರ ಕಸುವು ಆರು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆ ವಿಕಿರಣವನ್ನು ಹಿಡಿಯುವ ಗಾಮಾ ಕ್ಯಾಮೆರಾದ ಕೆಳಗೆ ಮಲಗಿಸಿದರೆ, ಅದು ಕಾಲಿನಲ್ಲಿ ಮೇಲೇರುವ ದಾರಿ ಚಿತ್ರವಾಗುತ್ತದೆ. ಚುಚ್ಚುವುದು ಇದ್ದೇ ಇದೆ, ಆದರೆ ಕೊಯ್ಯುವ ಮಾತಿಲ್ಲ. ಹೊರಗೆ ಊತವೇ ಇಲ್ಲದ ಮಕ್ಕಳ ನಾಳಗಳೂ ಆಗಲೇ ಕೆಟ್ಟಿದ್ದವು. 2009ರಲ್ಲಿ ಅದೇ ವೈದ್ಯರು ಸಮಾಧಾನದ ಸುದ್ದಿಯನ್ನೂ ಬರೆದರು: ಮಾತ್ರೆ ಕೊಟ್ಟು ಮತ್ತೆ ಚಿತ್ರ ತೆಗೆದಾಗ, ಬಹಳಷ್ಟು ಮಕ್ಕಳಲ್ಲಿ ನಾಳಗಳು ಸುಧಾರಿಸಿದ್ದವು. ಒಮ್ಮೆ ಕೆಟ್ಟರೆ ಕೆಟ್ಟಂತೆಯೇ ಅನ್ನುವ ಮಾತೂ ಅಲ್ಲಿಗೆ ಬಿದ್ದುಹೋಯಿತು.

ಈಚೆಗೆ ಇಂಡೋಸಯನೈನ್ ಗ್ರೀನ್ ಅನ್ನುವ ಹಸಿರು ಬಣ್ಣವನ್ನು ಚರ್ಮದಡಿ ಹಾಕಿ, ಕಣ್ಣಿಗೆ ಕಾಣದ ಬೆಳಕಿನಲ್ಲಿ ನೋಡುವ ಕ್ಯಾಮೆರಾಗಳೂ ಬಂದಿವೆ. ನಾಳ ಹಿಂಡಿಕೊಂಡು ರಸವನ್ನು ಮೇಲಕ್ಕೆ ತಳ್ಳುವುದು ಅದರಲ್ಲಿ ನೇರವಾಗಿ ಕಾಣುತ್ತದೆ.

ರೋಗ ಇರುವ ಜಿಲ್ಲೆಗಳಲ್ಲಿ ಈ ಹುಳುವಿಗೆ ಕೊಡುವ ಡಿಇಸಿ, ಅಲ್ಬೆಂಡಜೋಲ್ ಮಾತ್ರೆ ಹಿಡಿದು ಆರೋಗ್ಯ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬರುತ್ತಾರೆ. ಎರಡು ವರ್ಷ ದಾಟಿದ ಮಕ್ಕಳಿಗೂ ಕೊಡುತ್ತಾರೆ. "ನಮ್ಮ ಹುಡುಗನಿಗೆ ಏನೂ ಆಗಿಲ್ವಲ್ಲ, ಸುಮ್ನೆ ಮಾತ್ರೆ ಯಾಕೆ?" ಅನ್ನುವವರು ಈಗಲೂ ಇದ್ದಾರೆ. ಆಲಪ್ಪುಳದ ಆ ಮಕ್ಕಳಿಗೂ ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ.