ಮರಳಿನಡಿ ಸಿಕ್ಕ ಮರದ ಕಾಗದ

ನೀರನ್ನು ಗೋಣಿಚೀಲದಲ್ಲಿ ಒಯ್ಯಬಹುದಾ? ಧಾರಾಳವಾಗಿ, ಅದು ಗಡ್ಡೆ ಕಟ್ಟಿರಬೇಕು ಅಷ್ಟೆ. ಚೀನಾದ ಪಶ್ಚಿಮ ಭಾಗದ ತಕ್ಲಾಮಕಾನ್ ಮರಳುಗಾಡಿನಲ್ಲಿ ಹಾಳೂರು ಹುಡುಕಿ ಹೊರಟವರು ಇದನ್ನು ಕಲಿತದ್ದು ಪೆಟ್ಟು ತಿಂದ ಮೇಲೆ.

1895ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಸ್ವೆನ್ ಹೆಡಿನ್ ನಾಲ್ಕು ಆಳು, ಎಂಟು ಒಂಟೆ ಕಟ್ಟಿಕೊಂಡು ಒಳಗೆ ನುಗ್ಗಿದ. ನೀರಿನ ತೊಟ್ಟಿಗಳು ತುಂಬಿಲ್ಲ ಅಂತ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಇಬ್ಬರು ಸತ್ತರು. ಹೆಡಿನ್ ತೆವಳಿಕೊಂಡು ಖೋತಾನ್ ನದಿಗೆ ಬಂದರೆ ಅದೂ ಒಣಗಿತ್ತು. ಕೊನೆಗೆ ಒಂದು ಗುಂಡಿಯಲ್ಲಿ ನೀರು ಸಿಕ್ಕಿತು. ಹಿಂದೆ ಬಿದ್ದಿದ್ದ ಆಳು ಕಾಸಿಮ್‌ಗೆ ಬೂಟಿನಲ್ಲೇ ತುಂಬಿಕೊಂಡು ಹೋದ. ಇದನ್ನು ಸಾಹಸ ಅನ್ನುತ್ತಾರೆ. ನನಗೇನೋ ಲೆಕ್ಕ ತಪ್ಪಿದ ಕಥೆ ಅನ್ನಿಸುತ್ತದೆ.

ಮುಂದಿನ ಸಲ ಅವನು ಚಳಿಗೆ ನೀರು ಗಡ್ಡೆ ಕಟ್ಟುವ ಜನವರಿಯಲ್ಲಿ ಹೊರಟ. 1901ರ ಜನವರಿಯಲ್ಲಿ ಪುರಾತತ್ವಜ್ಞ ಔರೆಲ್ ಸ್ಟೈನ್ ಕೂಡ ಚೀಲಗಟ್ಟಲೆ ಮಂಜುಗಡ್ಡೆ ಹೇರಿಕೊಂಡು ನಿಯಾ ಎಂಬ ಹಾಳೂರಿಗೆ ಹೋದ. ದಾರಿ ತೋರಿಸಿದ್ದು ಇಬ್ರಾಹಿಂ ಎಂಬ ಹಳ್ಳಿಯವ. ನಿಧಿ ಹುಡುಕಲು ಹೋಗಿದ್ದ ಅವನಿಗೆ ಅಲ್ಲಿ ಸಿಕ್ಕಿದ್ದು ಬರೀ ಹಲಗೆ ಚೂರು. ಕೆಲವನ್ನು ಮಕ್ಕಳಿಗೆ ಆಡಲು ಕೊಟ್ಟುಬಿಟ್ಟಿದ್ದ!

ಆ ಹಲಗೆಗಳೇ ಕಾಗದಗಳು. ಎರಡು ಹಲಗೆ ಒಂದರ ಮೇಲೊಂದು, ಒಳಗೆ ಬರಹ, ಸುತ್ತ ದಾರ, ಗಂಟಿನ ಮೇಲೆ ಜೇಡಿಮಣ್ಣಿನ ಮುದ್ರೆ. ಲಕೋಟೆಯೇ ಅಲ್ವಾ? ಒಂದು ಮುದ್ರೆಯಲ್ಲಂತೂ ಗ್ರೀಕರ ಅಥೀನಾ ದೇವತೆ ಇದ್ದಾಳೆ. ಕುನ್ಲುನ್ ಬೆಟ್ಟದ ಹಿಮ ಕರಗಿ ಬರುವ ನಿಯಾ ಹೊಳೆ ಈಗ ಆ ಊರಿಗೆ ಮುಟ್ಟುವ ಮೊದಲೇ ಮರಳಲ್ಲಿ ಇಂಗಿಹೋಗುತ್ತದೆ. ನೀರಿಲ್ಲದೆ ಊರು ಉಳಿಯುವುದಿಲ್ಲ, ಆದರೆ ಮರ ಉಳಿಯುತ್ತದೆ. ತೇವ ಇಲ್ಲದ ಕಡೆ ಬೂಷ್ಟು ಹಿಡಿಯುವುದಿಲ್ಲ, ಗೆದ್ದಲು ಬರುವುದಿಲ್ಲ. ಸುಮಾರು 1700 ವರ್ಷದ ಹಿಂದಿನ ಶಾಯಿಯನ್ನು ಇವತ್ತೂ ಓದಬಹುದು.

ಲಿಪಿ ಖರೋಷ್ಠಿ, ಬಲದಿಂದ ಎಡಕ್ಕೆ. ಇದೇ ಲಿಪಿಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಗೂ ಒಂದು ಪದವಿದೆ. ಹಲಗೆಗಳ ಭಾಷೆ ಪ್ರಾಕೃತ. ರಾಜಾಜ್ಞೆಗಳು ಶುರುವಾಗುವುದು ಹೀಗೆ: 'ಮಹನುಅವ ಮಹರಯ ಲಿಹತಿ', ಅಂದರೆ ಮಹಾನುಭಾವ ಮಹಾರಾಜರು ಬರೆಯುತ್ತಾರೆ. ನಾವು ದಿನಾ ಅನ್ನುವ 'ಮಾರಾಯ' ನೆನಪಾಯಿತಾ?

ಅಂಥದ್ದೊಂದು ಆಜ್ಞೆಯಲ್ಲಿ ಲಿಪೇಯ ಎಂಬವನ ದೂರಿದೆ. ಸೈನಿಕರು ಅವನ ಎರಡು ಹಸು ಹೊಡೆದುಕೊಂಡು ಹೋಗಿದ್ದರು. ವಿಚಾರಿಸಿ ಅಂತ ರಾಜ ಅಧಿಕಾರಿಗೆ ಹೇಳುತ್ತಾನೆ. ಒಂದು ಹಸುವನ್ನು ವಾಪಸ್ ಕಳಿಸಿದ್ದಾರೆ. ಇನ್ನೊಂದನ್ನು ತಿಂದುಬಿಟ್ಟಿದ್ದಾರೆ.