ಚಳಿಗಾಲದ ಖಿನ್ನತೆ, ಗಾಂಜಾದ ಗಮ್ಮಿ ಮತ್ತು ಕಳೆದುಹೋಗುವ ಬೆಳಗು

ಡಿಸೆಂಬರ್ 21ರ ಸುಮಾರಿಗೆ ಟೊರಾಂಟೊದಲ್ಲಿ ಹಗಲು ಒಂಬತ್ತು ಗಂಟೆಗೂ ಕಡಿಮೆ, ಎಡ್ಮಂಟನ್‌ನಲ್ಲಿ ಸುಮಾರು ಏಳೂವರೆ ಗಂಟೆ. ಅದೇ ದಿನ ಬೆಂಗಳೂರಿನಲ್ಲಿ ಹನ್ನೊಂದು ಗಂಟೆಗೂ ಹೆಚ್ಚು. ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಲೆಕ್ಕ ಮೈಗೇ ಗೊತ್ತು. ಎಷ್ಟು ಮಲಗಿದರೂ ಸಾಲದು, ಅನ್ನ-ಸಿಹಿಯ ಕಡೆಗೇ ಬಾಯಿ ಹೋಗುತ್ತದೆ, ಯಾವ ಕೆಲಸಕ್ಕೂ ಮನಸ್ಸು ಏಳುವುದಿಲ್ಲ. ಇದು ವರ್ಷವರ್ಷವೂ ಅದೇ ಕಾಲಕ್ಕೆ ಬಂದು ವಸಂತದಲ್ಲಿ ಇಳಿದುಹೋದರೆ ಅದು ಋತುಮಾನದ ಖಿನ್ನತೆ.

ಈ ಕಾಯಿಲೆಗೆ ಹೆಸರು ಬಿದ್ದದ್ದು 1984ರಲ್ಲಿ. ಜೊಹಾನ್ಸ್‌ಬರ್ಗ್‌ನಿಂದ ಅಮೆರಿಕಕ್ಕೆ ಬಂದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಅದನ್ನು ವಿವರಿಸಿದರು. ಅದಕ್ಕೂ ಮೊದಲು, 1980ರಲ್ಲಿ, ಪ್ರಖರ ಬೆಳಕು ಬಿದ್ದರೆ ಮನುಷ್ಯರಲ್ಲಿ ನಿದ್ದೆಗೆ ಸಂಬಂಧಿಸಿದ ಹಾರ್ಮೋನ್ ಮೆಲಟೋನಿನ್ ತಗ್ಗುತ್ತದೆ, ಮನೆಯ ಮಾಮೂಲಿ ದೀಪ ಅದಕ್ಕೆ ಸಾಲದು ಎಂದು ಮನೋವೈದ್ಯ ಆಲ್‌ಫ್ರೆಡ್ ಲೂಯಿ ತೋರಿಸಿದ್ದರು. ಬೆಳಕಿನ ಚಿಕಿತ್ಸೆ ಹುಟ್ಟಿದ್ದು ಈ ದಾರಿಯಲ್ಲಿ. ಈಗ ರೂಢಿಯಲ್ಲಿರುವ ಪ್ರಮಾಣ 10,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ), 30 ನಿಮಿಷ, ಎದ್ದ ಒಂದು ಗಂಟೆಯೊಳಗೆ. ಈ ಬೆಳಕು ಕೊಡುವ ದೀಪದ ಪೆಟ್ಟಿಗೆ ಮುಖದಿಂದ 40–60 ಸೆಂ.ಮೀ. ದೂರದಲ್ಲಿ, ಸ್ವಲ್ಪ ಓರೆಯಾಗಿರಬೇಕು. ಕಣ್ಣು ತೆರೆದಿರಬೇಕು, ದೀಪವನ್ನೇ ದಿಟ್ಟಿಸಬಾರದು. ಪೆಟ್ಟಿಗೆಯ ಮೇಲಿನ ಲಕ್ಸ್ ಒಂದು ನಿರ್ದಿಷ್ಟ ದೂರಕ್ಕೆ ಹೇಳಿದ್ದು. ಮೇಜಿನ ಆ ತುದಿಗೆ ತಳ್ಳಿಟ್ಟವರಿಗೆ ಸಿಗುವ ಬೆಳಕು ಬಹಳ ಕಡಿಮೆ, 'ನನಗೆ ಇದು ಕೆಲಸ ಮಾಡಲಿಲ್ಲ' ಎನ್ನುವ ಎಷ್ಟೋ ದೂರುಗಳ ಮೂಲ ಇದೇ. ಬೈಪೋಲಾರ್ (ಖಿನ್ನತೆ, ಉನ್ಮಾದ ಎರಡೂ ಬಂದುಹೋಗುವ ಕಾಯಿಲೆ) ಇರುವವರಿಗೆ ಉನ್ಮಾದ ಕೆರಳಬಹುದು, ಅವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. 2006ರ ಕೆನಡಾದ ಅಧ್ಯಯನವೊಂದರಲ್ಲಿ ಈ ಬೆಳಕು ಖಿನ್ನತೆಯ ಮಾತ್ರೆಯಾದ 20 ಮಿ.ಗ್ರಾಂ. ಫ್ಲೂಆಕ್ಸೆಟಿನ್‌ಗೆ ಸರಿಸಮವಾಗಿ ನಿಂತಿತು.

ಇದೇ ಖಿನ್ನತೆಗೆ ಮದ್ದೆಂದು ಕೆಲವರು ಹಿಡಿಯುವ ಗಾಂಜಾದ ಕಥೆ ಹೀಗೆ ಪ್ರಯೋಗಗಳ ಮೇಲೆ ಬೆಳೆದದ್ದಲ್ಲ. 2018ರ ಅಕ್ಟೋಬರ್ 17ರಂದು ಕೆನಡಾ ಅದನ್ನು ಕಾನೂನುಬದ್ಧ ಮಾಡಿತು. ಸರಿಯಾಗಿ ಒಂದು ವರ್ಷದ ಮೇಲೆ, ಪೊಟ್ಟಣಕ್ಕೆ 10 ಮಿ.ಗ್ರಾಂ. ಟಿಎಚ್‌ಸಿ (ಗಾಂಜಾದಲ್ಲಿ ಅಮಲೇರಿಸುವ ಅಂಶ) ಮಿತಿಯೊಂದಿಗೆ, ಗಮ್ಮಿ ಎಂಬ ಜೆಲ್ಲಿ ಮಿಠಾಯಿಯಂಥ ಗಾಂಜಾ ತಿನಿಸುಗಳಿಗೂ ಒಪ್ಪಿಗೆ ಸಿಕ್ಕಿತು. ಅಂಗಡಿ ಬಂತು, ಪುರಾವೆ ಬರಲಿಲ್ಲ. ಮಾನಸಿಕ ಕಾಯಿಲೆಗಳಿಗೆ ಗಾಂಜಾ ಬಳಸಿದ 83 ಅಧ್ಯಯನಗಳನ್ನು 2019ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಖಿನ್ನತೆಗೆ ಅದು ಮದ್ದು ಎನ್ನುವಷ್ಟು ಆಧಾರ ಸಿಗಲಿಲ್ಲ. ಹಾಗಾಗಿ 'ಚಳಿಗಾಲದ ಖಿನ್ನತೆಗೆ ಇಷ್ಟು ಮಿ.ಗ್ರಾಂ.' ಎಂದು ಯಾರಾದರೂ ಹೇಳಿದರೆ ಅದು ಊಹೆ. ಹೇಳಲು ಸಾಧ್ಯವಿರುವುದು ಹಾನಿ ಕಡಿಮೆ ಮಾಡುವುದು ಹೇಗೆ ಎಂಬುದನ್ನಷ್ಟೇ.

ಮೊದಲ ಎಡವಟ್ಟು ಲೇಬಲ್ ಓದುವುದರಲ್ಲಿ. ಒಣ ಹೂವಿನ ಡಬ್ಬಿಯ ಮೇಲೆ ಎರಡು ಅಂಕಿಗಳಿರಬಹುದು: 'ಟಿಎಚ್‌ಸಿ' ಮತ್ತು 'ಒಟ್ಟು ಟಿಎಚ್‌ಸಿ'. ಸುಟ್ಟಾಗ ಮೈಗೆ ಸಿಗಬಹುದಾದದ್ದನ್ನು ಹೇಳುವುದು ಎರಡನೆಯದು. ಒಟ್ಟು ಟಿಎಚ್‌ಸಿ ಶೇ. 20 ಇದ್ದರೆ 0.1 ಗ್ರಾಂ ಚಿಟಿಕೆಯಲ್ಲೇ 20 ಮಿ.ಗ್ರಾಂ. ಇರುತ್ತದೆ. ಗಮ್ಮಿಯಾದರೆ 2.5 ಮಿ.ಗ್ರಾಂ. ಮೀರದೆ ಶುರು ಮಾಡಬೇಕು. ಅದು ಹತ್ತಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಪೂರ್ತಿ ಏರಲು ನಾಲ್ಕು ಗಂಟೆಯೂ ಆದೀತು. ಮುಕ್ಕಾಲು ಗಂಟೆಗೆ 'ಏನೂ ಆಗಲಿಲ್ಲ' ಎಂದು ಇನ್ನೊಂದು ತಿಂದವರು ಎದೆ ಡವಗುಟ್ಟಿ ತುರ್ತು ಚಿಕಿತ್ಸೆಗೆ ಓಡುತ್ತಾರೆ. ಜೊತೆಗೆ ಮದ್ಯ ಬೇಡ. ಸೇದಿದ್ದರೆ ಕನಿಷ್ಠ ಆರು ಗಂಟೆ ಕಾರು ಓಡಿಸಬಾರದು. ತಿಂದಿದ್ದರೆ ಆ ದಿನ ಕೀಲಿ ಮುಟ್ಟದಿರುವುದೇ ಸರಿ.

ಆದರೆ ಋತುಮಾನದ ಖಿನ್ನತೆಯಲ್ಲಿ ನಿಜವಾದ ತೊಡಕು ಬೇರೆ. ನಾಲ್ಕು ಮುಕ್ಕಾಲಿಗೇ ಕತ್ತಲಾಗುವ ಊರಿನಲ್ಲಿ ಸಂಜೆ ಗಾಂಜಾ ದಿನಚರಿಯಾಗಿಬಿಡುವುದು ಸುಲಭ. ರಾತ್ರಿಯ ಮಂಪರು ಬೆಳಿಗ್ಗೆಗೂ ಉಳಿದು, ಹತ್ತಕ್ಕೆ ಎದ್ದರೆ ಬೆಳಕಿನ ಚಿಕಿತ್ಸೆಯ ಹೊತ್ತೇ ಜಾರಿಹೋಗುತ್ತದೆ. ಪುರಾವೆ ಇರುವ ಮದ್ದನ್ನು ಪುರಾವೆ ಇಲ್ಲದ್ದು ನುಂಗಿದಂತೆ. ದಿನಾ ಬಳಸಿದರೆ ಮೈ ಒಗ್ಗಿ ಪ್ರಮಾಣವೂ ಏರುತ್ತದೆ. ಬಳಸಲೇಬೇಕೆನ್ನುವವರು ವಾರಕ್ಕೆ ಒಂದೆರಡು ದಿನ ಮೀರದಂತೆ ಬಳಸಿ, ಬೆಳಗಿನ ಅರ್ಧ ಗಂಟೆಯನ್ನು ಮಾತ್ರ ಬಿಟ್ಟುಕೊಡಬಾರದು.

ದಿನವೂ ಬಳಸಿದವರು ಥಟ್ಟನೆ ಬಿಟ್ಟಾಗ ಇನ್ನೊಂದು ಗೊಂದಲ. ಒಂದರಿಂದ ಮೂರು ದಿನದಲ್ಲಿ ಸಿಡುಕು, ಬೇಸರ, ಕೆಟ್ಟ ಕನಸು ಶುರುವಾಗಿ ಮೊದಲ ವಾರ ಬಾಧಿಸುತ್ತವೆ. ಖಿನ್ನತೆ ಮರಳಿತೆಂದು ಮತ್ತೆ ಶುರು ಮಾಡುತ್ತಾರೆ. ನಿದ್ದೆ, ಹಸಿವು ನೋಡಿದರೆ ಗುರುತು ಸಿಕ್ಕೀತು: ಚಳಿಗಾಲದ ಖಿನ್ನತೆಯಲ್ಲಿ ಅವು ಸಾಮಾನ್ಯವಾಗಿ ಹೆಚ್ಚುತ್ತವೆ, ಬಿಟ್ಟಾಗಿನ ಬಾಧೆಯಲ್ಲಿ ಕುಗ್ಗುತ್ತವೆ.

ಸ್ವಂತಕ್ಕೋ ಮನೆತನದಲ್ಲೋ ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದ್ದವರಿಗೆ, ಗರ್ಭಿಣಿಯರಿಗೆ, ವಯಸ್ಸು 25 ದಾಟದವರಿಗೆ ಗಾಂಜಾ ಬೇಡವೇ ಬೇಡ. ಸಿಟಾಲೊಪ್ರಾಮ್‌ನಂಥ ಖಿನ್ನತೆಯ ಮಾತ್ರೆ ನುಂಗುವವರು 'ಸಿಬಿಡಿ ನಿರಪಾಯ' ಎಂಬ ಮಾತು ನಂಬಬಾರದು. ಗಾಂಜಾದಲ್ಲಿರುವ, ಅಮಲೇರಿಸದ ಅಂಶವಾದ ಸಿಬಿಡಿ ಯಕೃತ್ತಿನ ಕಿಣ್ವಗಳನ್ನು ತಡೆದು ರಕ್ತದಲ್ಲಿ ಔಷಧದ ಮಟ್ಟ ಏರಿಸಬಲ್ಲದು. ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗೆ ಹೇಳಿ ತಿಳಿದುಕೊಳ್ಳಬೇಕು. ಸಾಯುವ ಯೋಚನೆ ಬಂದರೆ ಕಾಯಬೇಡಿ: ಕೆನಡಾದಲ್ಲಿ 988ಕ್ಕೆ, ಭಾರತದಲ್ಲಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಊರಿಗೆ ಹೊರಟವರು ಬ್ಯಾಗಿನ ಮೂಲೆಯನ್ನೂ ಕೊಡವಿ ನೋಡಬೇಕು. ಗಾಂಜಾ ಗಡಿ ದಾಟಿಸುವುದು ಕೆನಡಾದಲ್ಲೇ ಅಪರಾಧ. ಭಾರತದಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಎಲೆಯ ಭಂಗಿಗೆ ಇರುವ ರಿಯಾಯಿತಿ ಟಿಎಚ್‌ಸಿ ಗಮ್ಮಿಗೆ ಇಲ್ಲ.